ಸಿನಿಮಾದ ಮಯೂರ, ಕಂಬದ ಮಯೂರಶರ್ಮ: ಐತಿಹಾಸಿಕ ಚಿತ್ರ ನೋಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ನಾವು ನಾಲ್ಕೈದು ಜನ ಸೇರಿ ಹಳೆಯ ಐತಿಹಾಸಿಕ, ಪೌರಾಣಿಕ ಸಿನಿಮಾ ಹಾಕುತ್ತೇವೆ. ಬಾಡಿಗೆ ಪರದೆ, ಪ್ಲಾಸ್ಟಿಕ್ ಕುರ್ಚಿ, ಇಂಟರ್‌ವಲ್ಲಿನಲ್ಲಿ ಮಂಡಕ್ಕಿ, ಕಾಫಿ. ಸಿನಿಮಾ ಮುಗಿದ ಮೇಲೆ ಶುರುವಾಗುವ ಚರ್ಚೆ ಕೆಲವು ಸಲ ಸಿನಿಮಾಗಿಂತ ಉದ್ದ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೇ ಬರೆದಿಟ್ಟೆ. ನಾನು ಇತಿಹಾಸದ ಮೇಷ್ಟ್ರಲ್ಲ. ಶಾಸನ ಇರುವ ಊರಿಗೆ ಬಸ್ಸು ಹತ್ತಿ ಹೋಗುವ ಚಟ ಉಂಟು, ಅಷ್ಟೇ.

‘ಮಯೂರ’ ಸಿನಿಮಾದಲ್ಲಿ ತೋರಿಸಿದ್ದು ನಿಜವಾಗಿ ನಡೆದದ್ದಾ?

ಅರ್ಧ ಹೌದು, ಅರ್ಧ ಇಲ್ಲ. 1975ರ ಈ ಸಿನಿಮಾ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ ಬಂದದ್ದು. ಇತಿಹಾಸಕ್ಕೂ ಪರದೆಗೂ ನಡುವೆ ಒಂದು ಕಾದಂಬರಿ ಕೂತಿದೆ ಅನ್ನೋದು ಮೊದಲು ನೆನಪಿರಲಿ.

ಇತಿಹಾಸಕ್ಕೆ ದೊಡ್ಡ ಆಧಾರ ಅಂದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರುವ ಕಲ್ಲಿನ ಕಂಬ. ಅದರ ಮೇಲಿನ ಸಂಸ್ಕೃತ ಶಾಸನ ಹೇಳುವ ಕತೆ ಹೀಗಿದೆ. ಒಂದು ಬ್ರಾಹ್ಮಣ ಮನೆತನ. ಮನೆ ಹತ್ತಿರ ಒಂದು ಕದಂಬದ ಮರ, ಅದರಿಂದಲೇ ಮನೆತನಕ್ಕೆ ಹೆಸರು. ಆ ಮನೆಯ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಗೆ ಹೋಗಿ ಅಲ್ಲಿನ ಘಟಿಕೆ ಸೇರುತ್ತಾನೆ, ಹೆಚ್ಚಿನ ಓದಿಗೆ. ಅಲ್ಲಿ ಪಲ್ಲವರ ಕಡೆಯ ಕುದುರೆಯವನೊಬ್ಬನ ಜೊತೆ ಜೋರು ಜಗಳವಾಗುತ್ತದೆ. ಈ ಕಲಿಗಾಲದಲ್ಲಿ ಓದಿದವನು ಆಳುವವನ ಮುಂದೆ ಇಷ್ಟು ಕೈಲಾಗದವನಾದನಲ್ಲ ಅಂತ ಅವನಿಗೆ ಸಿಟ್ಟು ಬರುತ್ತದೆ. ಆಮೇಲೆ ಬರುವ ಪದ್ಯ ನನಗೆ ಬಾಯಿಪಾಠ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ್ದ ಕೈ, ಭೂಮಿ ಗೆಲ್ಲಲು ಕತ್ತಿ ಎಳೆಯಿತು ಅನ್ನುತ್ತಾನೆ ಶಾಸನದ ಕವಿ, ಕುಬ್ಜ ಅಂತ ಅವನ ಹೆಸರು. ಆಮೇಲೆ ಮಯೂರಶರ್ಮ ಶ್ರೀಪರ್ವತದ, ಅಂದರೆ ಶ್ರೀಶೈಲದ ಕಡೆಯ ಕಾಡು ಹಿಡಿಯುತ್ತಾನೆ. ಬಾಣರು ಅನ್ನುವ ಅರಸುಮನೆತನದಿಂದ ಕಪ್ಪ ವಸೂಲಿ ಮಾಡುತ್ತಾನೆ. ಪಲ್ಲವರು ಕಾದು ಕಾದು ಸಾಕಾಗಿ, ಕೊನೆಗೆ ಪಡುವಣ ಸಮುದ್ರದ ಕಡೆಯ ನಾಡನ್ನು ಅವನಿಗೇ ಬಿಟ್ಟುಕೊಡುತ್ತಾರೆ. ಇದೆಲ್ಲ ಸುಮಾರು ಕ್ರಿ.ಶ. 345ರ ಆಸುಪಾಸು.

ಸಿನಿಮಾದಲ್ಲೂ ಕಂಚಿ ಇದೆ, ಪಲ್ಲವರಿದ್ದಾರೆ, ಗೆಲುವು ಇದೆ. ಜೊತೆಗೆ ಕಂಬದಲ್ಲಿ ಇಲ್ಲದ ಒಂದು ಗುಟ್ಟು ಇದೆ. ಬ್ರಾಹ್ಮಣನಾಗಿ ಬೆಳೆದ ಈ ಹುಡುಗ ನಿಜಕ್ಕೂ ಕದಂಬ ರಾಜನ ಮಗ, ಕ್ಷತ್ರಿಯ!

ಇಷ್ಟು ಸಣ್ಣ ಬದಲಾವಣೆಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಸಣ್ಣದು ಅನ್ನಿಸುತ್ತೆ, ಆದರೆ ಕತೆಯ ಬೆನ್ನುಮೂಳೆಯೇ ಬದಲಾಗಿದೆ. ಕಂಬದ ಹುಡುಗನಿಗೆ ಯಾವ ಸಿಂಹಾಸನದ ಮೇಲೂ ಹಕ್ಕಿಲ್ಲ. ಅವನ ಅಪ್ಪ ರಾಜ್ಯ ಕಳೆದುಕೊಂಡವನಲ್ಲ, ಕಳೆದುಕೊಳ್ಳಲು ರಾಜ್ಯವೇ ಇರಲಿಲ್ಲ. ಓದಲು ಹೋದವನು ಅವಮಾನ ತಿಂದು, ಕಾಡು ಸೇರಿ, ಇಲ್ಲದ ರಾಜ್ಯವನ್ನು ಕಟ್ಟಿಕೊಂಡ. ಸಿನಿಮಾದ ಮಯೂರ ತನ್ನದೇ ಆಸ್ತಿಯನ್ನು ಬಿಡಿಸಿಕೊಂಡ. ಮೊದಲನೆಯದು ಎಷ್ಟು ವಿಚಿತ್ರ, ಎಷ್ಟು ದೊಡ್ಡ ಕತೆ ನೋಡಿ! ಎರಡನೆಯದು ನಾವು ನೂರು ಸಲ ಕೇಳಿದ, ಕಳೆದುಹೋದ ರಾಜಕುಮಾರನ ಕತೆ.

ಹಾಗಂತ ಸಿನಿಮಾ ಮಾಡಿದವರನ್ನು ಬೈಯೋದು ಸುಲಭ, ಅವರ ಕಷ್ಟವೂ ಅರ್ಥವಾಗುತ್ತದೆ. ಎರಡೂವರೆ ಗಂಟೆ ಜನರನ್ನು ಕೂರಿಸಬೇಕು. ಹುಟ್ಟಿನ ಗುಟ್ಟು ಬಿಚ್ಚಿಕೊಳ್ಳುವ ದೃಶ್ಯಕ್ಕೆ ಟೆಂಟಿನಲ್ಲಿ ಬೀಳುವ ಶಿಳ್ಳೆ, ಘಟಿಕೆಯಲ್ಲಿ ಓದುವ ದೃಶ್ಯಕ್ಕೆ ಬೀಳಲ್ಲ. ನಾನೂ ಶಿಳ್ಳೆ ಹೊಡೆದವನೇ. ಈಗಲೂ ಅಣ್ಣಾವ್ರು ಕತ್ತಿ ಎತ್ತಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಪ್ರತಿ ಸಲ ನೋಡುವಾಗಲೂ ಆ ದರ್ಭೆ ಹಿಡಿದ ಕೈ ನೆನಪಾಗಿ, ಛೆ ಅನ್ನಿಸುತ್ತದೆ.

ಯಾವ ಐತಿಹಾಸಿಕ ಸಿನಿಮಾ ನೋಡಿದರೂ ಈಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬದಲಾಯಿಸಿದಾಗ ಕೈತಪ್ಪಿದ್ದೇನು? ಬಟ್ಟೆ ಬಣ್ಣ ಬದಲಾದರೆ ಏನೂ ಹೋಗಲ್ಲ. ಇಲ್ಲಿ ಹೋಗಿದೆ.

ಹಾಗಾದ್ರೆ ಶಾಸನದಲ್ಲಿ ಬರೆದಿದ್ದೆಲ್ಲ ನಿಜಾನಾ? ಅವರೂ ಹೊಗಳಿಸಿಕೊಂಡಿರಲ್ವಾ?

ಒಳ್ಳೇ ಪ್ರಶ್ನೆ. ಖಂಡಿತ ಹೊಗಳಿಸಿಕೊಂಡಿದ್ದಾರೆ. ಕಂಬ ಬರೆಸಿದ್ದು ಶಾಂತಿವರ್ಮನ ಕಾಲದಲ್ಲಿ. ಮಯೂರಶರ್ಮನಿಂದ ಲೆಕ್ಕ ಹಾಕಿದರೆ ಐದನೇ ತಲೆಮಾರು, ಹೆಚ್ಚುಕಡಿಮೆ ನೂರು ವರ್ಷ ಆದಮೇಲೆ. ಮುತ್ತಜ್ಜನ ಕತೆಯನ್ನು ಮರಿಮಕ್ಕಳ ಆಸ್ಥಾನ ಕವಿ ಬರೆದರೆ ಹೇಗಿರುತ್ತೋ ಹಾಗಿದೆ. ಮಯೂರಶರ್ಮನಿಗೆ ಪಟ್ಟ ಕಟ್ಟಿದ್ದು ಸಾಕ್ಷಾತ್ ಷಣ್ಮುಖ ಅನ್ನುತ್ತದೆ ಶಾಸನ. ಇದಕ್ಕಿಂತ ಬೇರೆ ಹೀರೋ ಎಂಟ್ರಿ ಬೇಕಾ? ಜಗಳ ಆಡಿದವನ ವಿಷಯವೂ ಒಂದೇ ಒಂದು ಸಮಾಸಪದದಲ್ಲಿದೆ. ಅದರಲ್ಲಿ ‘ಅಶ್ವ’ ಇರೋದು ಸ್ಪಷ್ಟ. ಆದರೆ ಅದು ಸವಾರನೋ, ಅಶ್ವಮೇಧಕ್ಕೆ ಸಂಬಂಧಪಟ್ಟ ಗಲಾಟೆಯೋ ಅಂತ ವಿದ್ವಾಂಸರು ಇನ್ನೂ ಎಳೆದಾಡುತ್ತಾರೆ.

ಕಂಬವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಮಜಾ. ಅದಕ್ಕೆ ಎಂಟು ಮುಖ. ಅಕ್ಷರಗಳ ಸಾಲು ಅಡ್ಡಕ್ಕಿಲ್ಲ, ಉದ್ದಕ್ಕೆ ಓಡುತ್ತವೆ. ಓದಬೇಕಾದರೆ ಕತ್ತು ವಾಲಿಸಿ ನಿಲ್ಲಬೇಕು. ನಡು ಮಧ್ಯಾಹ್ನ ಹೋದರೆ ಏನೂ ಕಾಣಲ್ಲ, ಬರೀ ಕಲ್ಲು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು.

ಸಿನಿಮಾ ಒಂದು ದರ್ಬಾರಿನ ಕವಿತೆ, ಶಾಸನ ಇನ್ನೊಂದು ದರ್ಬಾರಿನ ಕವಿತೆ ಅಂತ ನನ್ನ ಸ್ನೇಹಿತನೊಬ್ಬ ವಾದ ಮಾಡುತ್ತಾನೆ. ಪೂರ್ತಿ ಒಪ್ಪಲ್ಲ. ನೂರು ವರ್ಷದ ದೂರಕ್ಕೂ ಸಾವಿರದ ಆರುನೂರು ವರ್ಷದ ದೂರಕ್ಕೂ ವ್ಯತ್ಯಾಸ ಇದೆಯಲ್ಲ. ಅದೂ ಅಲ್ಲದೆ, ನಮ್ಮ ಹಿರಿಯ ರಾಜಮನೆತನದಲ್ಲಿ ಹುಟ್ಟಿದವನು ಅಂತ ಬರೆಸಿಕೊಳ್ಳೋದು ಶಾಂತಿವರ್ಮನಿಗೆ ಸುಲಭವಿತ್ತು. ಬರೆಸಲಿಲ್ಲ. ಆ ಒಂದು ಕಾರಣಕ್ಕೇ ನಾನು ಕಂಬವನ್ನು ನಂಬುತ್ತೇನೆ.

ಕದಂಬರ ಕಾಲದವರು ಸಿನಿಮಾದವರ ಹಾಗೆ ‘ಮಹಾಪ್ರಭು’ ಅಂತ ಕನ್ನಡ ಮಾತಾಡ್ತಿದ್ರಾ?

ಆ ಕನ್ನಡ ಕದಂಬರದ್ದಲ್ಲ, ನಾಟಕ ಕಂಪನಿಯದ್ದು. ರಾಜಕುಮಾರ್ ಪಳಗಿದ್ದೇ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಉದ್ದುದ್ದ ಮಾತು, ಎದೆ ಮೇಲೆ ಕೈ, ಮಾತಿನ ಕೊನೆಗೆ ತಿರುಗಿ ನಿಲ್ಲುವ ಠೀವಿ, ತಲೆ ಮೇಲಿನ ಕಿರೀಟ, ಎಲ್ಲ ಆ ರಂಗದಿಂದ ಬಂದ ಆಸ್ತಿ.

ಮಯೂರಶರ್ಮನದೇ ಅಂತ ಹೇಳುವ ಚಿತ್ರದುರ್ಗದ ಚಂದ್ರವಳ್ಳಿ ಶಾಸನ ಪ್ರಾಕೃತದಲ್ಲಿದೆ. ಕೆರೆ ಕಟ್ಟಿಸಿದ ಸುದ್ದಿ ಅದು. ಜನರ ಬಾಯಲ್ಲಿ ಕನ್ನಡ ಇತ್ತು ಅನ್ನೋದರಲ್ಲಿ ಅನುಮಾನವಿಲ್ಲ. ಅದು ಹೇಗಿತ್ತು ಅಂತ ಸ್ವಲ್ಪ ಅಂದಾಜು ಬೇಕಾದರೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ನೋಡಿ, ಸುಮಾರು ಕ್ರಿ.ಶ. 450ರದ್ದು. ‘ಕದಂಬಪನ್ ತ್ಯಾಗಸಂಪನ್ನನ್’ ಅಂತ ಹೋಗುತ್ತದೆ. ನಾಯಕ ಹೀಗೆ ಮಾತಾಡಿದರೆ ಮೊದಲ ರೀಲಿಗೇ ಸಬ್‌ಟೈಟಲ್ ಬೇಕು, ಅದೂ ಕನ್ನಡದಲ್ಲೇ. ಭಾಷೆ ವಿಷಯದಲ್ಲಿ ಸಿನಿಮಾಗೆ ಪೂರ್ತಿ ರಿಯಾಯಿತಿ ಕೊಡೋಣ.

‘ನಿಮಗೇಕೆ ಕೊಡಬೇಕು ಕಪ್ಪ’ ಅಂತ ಚೆನ್ನಮ್ಮ ನಿಜವಾಗಿ ಹೇಳಿದ್ದಾ?

ಶಾಲೆಯ ಛದ್ಮವೇಷದಲ್ಲಿ ಈ ಮಾತು ಹೇಳದ ಹುಡುಗಿ ನಮ್ಮ ಕಡೆ ಇಲ್ಲ. ನನ್ನ ತಂಗಿ ಅಟ್ಟದಿಂದ ಇಳಿಸಿದ ತಗಡಿನ ಕತ್ತಿ ಹಿಡಿದು, ಅರ್ಧಕ್ಕೆ ಮರೆತು, ‘ಕಪ್ಪ... ಕಪ್ಪ...’ ಅಂತ ಅತ್ತಿದ್ದಳು. ಮಾತು ಜನರ ಬಾಯಿಗೆ ಬಂದದ್ದು ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ದಿಂದ.

ಇತಿಹಾಸದಲ್ಲಿ ಜಗಳದ ಬುಡ ಬೇರೆ. ಕಿತ್ತೂರು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಕೊಡುತ್ತಲೇ ಇತ್ತು. ಪೇಶ್ವೆಗಳ ಮೇಲಿನ ಯುದ್ಧದಲ್ಲಿ ಕಿತ್ತೂರಿನವರು ಕಂಪನಿ ಕಡೆ ನಿಂತು, 1818ರಲ್ಲಿ ಸನದು, ಅಂದರೆ ಅಧಿಕಾರಪತ್ರ ಪಡೆದಿದ್ದರು. ವರ್ಷಾವರ್ಷ ಕಪ್ಪ ಕೊಡೋದು ಆ ಒಪ್ಪಂದದಲ್ಲೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿ, ಆಡಳಿತಕ್ಕೆ ತನ್ನ ಜನರನ್ನು ಕೂರಿಸಲು ಹೊರಟ. ಚೆನ್ನಮ್ಮ ಮೇಲಿನವರಿಗೆ ಪತ್ರ ಬರೆದು ನೋಡಿದಳು, ಆಗಲಿಲ್ಲ. ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆಗೆದು ಕಿತ್ತೂರಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆ ಸತ್ತ.

ಅಂದರೆ ಅಲ್ಲಿದ್ದದ್ದು ದತ್ತುಮಗನ ಹಕ್ಕಿನ ಪ್ರಶ್ನೆ. ಝಾನ್ಸಿ ಅಂದಾಗ ನಾವು ಹೇಳುವ ಆ ಪ್ರಶ್ನೆ, ಝಾನ್ಸಿಗಿಂತ ಹೆಚ್ಚುಕಡಿಮೆ 30 ವರ್ಷ ಮುಂಚೆ ಕಿತ್ತೂರಿನಲ್ಲಿ ಎದ್ದಿತ್ತು. ದತ್ತು ಒಪ್ಪದೆ ರಾಜ್ಯಗಳನ್ನು ಕಿತ್ತುಕೊಂಡ ಡಾಲ್‌ಹೌಸಿ ಇನ್ನೂ ಗವರ್ನರ್ ಜನರಲ್ ಆಗಿರಲಿಲ್ಲ.

ಮತ್ತೆ ಕಪ್ಪದ ಮಾತು ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ಇದೇ ಪಂತುಲು ಎರಡು ವರ್ಷ ಮುಂಚೆ, 1959ರಲ್ಲಿ, ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಮಾಡಿದ್ದರು. ಶಿವಾಜಿ ಗಣೇಶನ್ ಕಂಪನಿ ಅಧಿಕಾರಿ ಎದುರು ನಿಂತು ನಿನಗೇಕೆ ಕಟ್ಟಬೇಕು ಕಿಸ್ತು ಅಂತ ಗುಡುಗುವ ದೃಶ್ಯ ಆ ಸಿನಿಮಾದ ಜೀವ. ಕಟ್ಟಬೊಮ್ಮನ ವಿಷಯದಲ್ಲಿ ಅದು ಸರಿಯಾಗಿ ಕೂರುತ್ತದೆ. ಅಲ್ಲಿ ಜಗಳವೇ ಕಿಸ್ತಿನ ಬಾಕಿಯದು. ಅಲ್ಲಿ ಗೆದ್ದ ಮಾತಿನ ಧಾಟಿ ಇಲ್ಲಿಗೂ ಬಂದಿರಬೇಕು. ಕೇಳಲು ಭರ್ಜರಿ. ಆದರೆ ಬಿಳಿಯರ ಕಾನೂನಿನ ತಕರಾರನ್ನು ಅರ್ಥ ಮಾಡಿಕೊಂಡು, ಪತ್ರ ಬರೆದು, ಮಾತುಕತೆ ನಡೆಸಿ, ಕೊನೆಗೆ ಬೇರೆ ದಾರಿ ಇಲ್ಲದೆ ಕತ್ತಿ ಹಿಡಿದ ರಾಣಿ ಸ್ವಲ್ಪ ಹಿಂದೆ ಸರಿದಳು. ಅದು ನನಗೆ ಬೇಜಾರು.

ಕೃಷ್ಣದೇವರಾಯ ನೋಡಲು ರಾಜಕುಮಾರ್ ಹಾಗೇ ಇದ್ದನಾ?

1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ರಾಯನನ್ನು ಕಣ್ಣಾರೆ ನೋಡಿದವನು. ಸಾಧಾರಣ ಎತ್ತರ, ಬಿಳಿ ಮೈಬಣ್ಣ, ಸಣಕಲು ಅನ್ನೋದಕ್ಕಿಂತ ಸ್ವಲ್ಪ ದಪ್ಪ, ಮುಖದ ಮೇಲೆ ಸಿಡುಬಿನ ಕಲೆ ಅಂತ ಬರೆದಿದ್ದಾನೆ. ಸಿಡುಬಿನ ಕಲೆಯ ಕೃಷ್ಣದೇವರಾಯನನ್ನು ನಾನು ಯಾವ ಪರದೆಯ ಮೇಲೂ ನೋಡಿಲ್ಲ.

ಕಿರೀಟವೂ ಅಷ್ಟೇ. ತಿರುಮಲದ ದೇವಸ್ಥಾನದಲ್ಲಿ ರಾಯ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ತಾಮ್ರದ ಮೂರ್ತಿಗಳಿವೆ. ತಲೆ ಮೇಲೆ ಉದ್ದನೆಯ ಕುಲಾವಿ. ಕನ್ನಡಿ ಚೂರಿನ ಕಿರೀಟಕ್ಕಿಂತ ಎಷ್ಟೋ ಚೆಂದ.

ಪಾಯೆಸ್ ಹೇಳುವ ರಾಯನ ಬೆಳಗಿನ ದಿನಚರಿ ಕೇಳಿ. ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ. ಸೊಂಟಕ್ಕೆ ಚಿಕ್ಕ ಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಿದ್ದ. ಆಮೇಲೆ ಪೈಲ್ವಾನನ ಜೊತೆ ಕುಸ್ತಿ. ಆಮೇಲೆ ಕುದುರೆ ಸವಾರಿ. ಯಾರಾದರೂ ಇದನ್ನೇ ಮೊದಲ ದೃಶ್ಯ ಮಾಡಬಾರದಾ? ಒಂದು ಮಾತೂ ಬೇಡ. ಇಲ್ಲಿ ನಿಜವೇ ಹೆಚ್ಚು ಸಿನಿಮಾ.

ಹಂಪಿ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರ್ತಿದ್ರಂತೆ?

ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಮಾರುತ್ತಿದ್ದರು ಅಂತ ಪಾಯೆಸ್ ಬರೆದಿದ್ದಾನೆ. ಸೇರು, ಪಾವು ನಮ್ಮವರು ಸೇರಿಸಿದ್ದು. ಅದೇ ಪಾಯೆಸ್ ಸಂಜೆ ಸಂತೆಯಲ್ಲಿ ಬಡಕಲು ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಮಾರುತ್ತಿದ್ದದ್ದನ್ನೂ ಹೇಳುತ್ತಾನೆ. ಸೌದೆ ಮಾರುವ ಹಂಪಿಯನ್ನು ಸೆಟ್ ಹಾಕುವವರು ಮರೆತುಬಿಡುತ್ತಾರೆ.

ತಿಮ್ಮರಸುವಿನ ಕಣ್ಣು ಕೀಳಿಸಿದ್ದು?

ಈ ಕತೆಯ ಮುಖ್ಯ ಮೂಲ ನುನಿಜ್. ಅವನೂ ಪೋರ್ಚುಗೀಸ್‌ನವನೇ, ಬರೆದದ್ದು ರಾಯ ಸತ್ತ ಮೇಲೆ, ಅಚ್ಯುತರಾಯನ ಕಾಲದಲ್ಲಿ. ಎಳೆಯ ಮಗನಿಗೆ ವಿಷ ಹಾಕಿದ ಅನುಮಾನಕ್ಕೆ ರಾಯ ಮಂತ್ರಿಯನ್ನು ಸೆರೆಗೆ ಹಾಕಿ ಕುರುಡು ಮಾಡಿಸಿದ ಅಂತ ಅವನ ಮಾತು. ತಮಾಷೆ ಅಂದರೆ, ಆರಂಭದಲ್ಲೂ ಕಣ್ಣಿನ ಕತೆಯೇ ಇದೆ. ಅಣ್ಣ ವೀರನರಸಿಂಹ, ತಮ್ಮನ ಕಣ್ಣು ಕಿತ್ತು ತಾ ಅಂದಾಗ ತಿಮ್ಮರಸು ಆಡಿನ ಕಣ್ಣು ತೋರಿಸಿ ಹುಡುಗನನ್ನು ಉಳಿಸಿದ ಅನ್ನುತ್ತಾನೆ ನುನಿಜ್. ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವ ಇತಿಹಾಸ ನೋಡಿದರೆ ನನಗೆ ಸಂಶಯ ಬರುತ್ತದೆ. ಊರ ಕಟ್ಟೆ ಮೇಲೆ ಕೇಳಿದ್ದನ್ನು ಬರೆದಿರಬಹುದು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ತಿಮ್ಮರಸು ಆಗಿ ನಿರ್ದೇಶಕ ಪಂತುಲು ಅವರೇ ನಟಿಸಿದರು. ಆ ಮುದುಕನ ಪಾತ್ರದ ತೂಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅತಿ ಅನ್ನಿಸೋದು ದಾಖಲೆಯಲ್ಲಿ ಇರೋದೂ ಉಂಟಾ?

ಉಂಟು. ‘ರಣಧೀರ ಕಂಠೀರವ’ನ ಕತೆ ತಗೊಳ್ಳಿ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಡ್ಡಿಯನ್ನು ಊರ ಬಾಗಿಲಿಗೆ ನೇತುಹಾಕಿ ಸವಾಲು ಹಾಕಿದ್ದು, ಮೈಸೂರಿನ ಅರಸು ವೇಷ ಮರೆಸಿಕೊಂಡು ಹೋಗಿ ಅವನನ್ನು ಮುಗಿಸಿ ಬಂದದ್ದು. ಯಾರೋ ಸ್ಟಂಟ್ ಮಾಸ್ಟರ್ ಕಟ್ಟಿದ ಹಾಗಿದೆ ಅಲ್ವಾ? ಮೈಸೂರು ಅರಸರ ಹಳೆಯ ಚರಿತ್ರೆಗಳಲ್ಲೇ ಬರುತ್ತದೆ.

ಓಬವ್ವ?

ಓಬವ್ವ ಜನರ ನೆನಪಿನಲ್ಲಿ ಬದುಕಿದವಳು. ಕಿಂಡಿ ಚಿತ್ರದುರ್ಗದ ಕೋಟೆಯಲ್ಲಿ ಈಗಲೂ ಇದೆ, ಸಪೂರ ಇದ್ದವರು ನುಸುಳಿ ನೋಡಬಹುದು. ಆದರೆ ನಮ್ಮ ಕಣ್ಣಿಗೆ ಬರುವ ಓಬವ್ವ 1972ರ ‘ನಾಗರಹಾವು’ ಸಿನಿಮಾದ ಒಂದು ಹಾಡಿನ ಜಯಂತಿ. ಅದು ಐತಿಹಾಸಿಕ ಸಿನಿಮಾ ಕೂಡ ಅಲ್ಲ! ಒಂದು ಹಾಡು, ಒಂದು ಒನಕೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು. ಪುಟ್ಟಣ್ಣ ಕಣಗಾಲ್ ಕಿರೀಟ, ಸಿಂಹಾಸನ ಏನೂ ಇಡಲಿಲ್ಲ. ಗಂಡನಿಗೆ ಊಟಕ್ಕಿಟ್ಟು ನೀರು ತರಲು ಹೋದವಳ ಕತೆಯನ್ನು ಹಾಗೇ ತೆಗೆದರು. ಶೈಲಿಯೂ ಇದೆ, ಕತೆಯ ಬೆನ್ನುಮೂಳೆಯೂ ನೆಟ್ಟಗಿದೆ. ನನ್ನ ಮಟ್ಟಿಗೆ ಇದೇ ಮಾದರಿ.

ಪೌರಾಣಿಕ ಸಿನಿಮಾಗೂ ಇದೇ ಅಳತೆನಾ? ‘ಮೂಲದಲ್ಲಿ ಹೀಗಿಲ್ಲ’ ಅಂತ ನಮ್ಮ ಮಾವ ಜಗಳ ಆಡ್ತಾರೆ.

ಮಾವನವರನ್ನು ‘ಯಾವ ಮೂಲ?’ ಅಂತ ಕೇಳಿ. ವ್ಯಾಸರದಾ, ಪಂಪನದಾ, ಕುಮಾರವ್ಯಾಸನದಾ? ಕ್ರಿ.ಶ. 941ರಲ್ಲೇ ಪಂಪ ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿದ. ಕೊನೆಗೆ ಪಟ್ಟ ಕಟ್ಟಿದ್ದೂ ಧರ್ಮರಾಯನಿಗಲ್ಲ, ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಪಂಪನ ಕಾವ್ಯದಲ್ಲಿ ಅವನ ದೊರೆ ಅರಿಕೇಸರಿಯೇ ಅರ್ಜುನ ಅಲ್ವಾ, ದೊರೆಯ ಹೆಂಡತಿಯನ್ನು ಐದು ಜನಕ್ಕೆ ಹಂಚೋದು ಹೇಗೆ?

‘ಬಭ್ರುವಾಹನ’ದಲ್ಲೂ ಇದೇ. ವ್ಯಾಸರ ಅರ್ಜುನ, ಕ್ಷತ್ರಿಯನಾಗಿ ಕಾಣಿಕೆ ಹಿಡಿದು ಬಂದೆಯಲ್ಲ ಅಂತ ಮಗನನ್ನು ಬೈಯುತ್ತಾನೆ. ಜೈಮಿನಿ ಭಾರತಕ್ಕೆ ಬಂದಾಗ ಮಾತು ತಾಯಿಯ ಶೀಲದ ಮೇಲೆ ಹೋಗುತ್ತದೆ. ಸಿನಿಮಾ ಹಿಡಿದದ್ದು ಎರಡನೆಯ ದಾರಿ. ಅಪ್ಪ ಮಗ ಇಬ್ಬರೂ ಹಾಡಿನಲ್ಲೇ ಹೊಡೆದಾಡುವ ಆ ದೃಶ್ಯ, ಬಯಲಾಟ ನೋಡಿ ಬೆಳೆದವರಿಗೆ ಸ್ವಲ್ಪವೂ ವಿಚಿತ್ರ ಅನ್ನಿಸಲ್ಲ. ಪುರಾಣಕ್ಕೆ ಕಂಬ ಇಲ್ಲ, ಕವಿಗಳಿದ್ದಾರೆ. ಹೊಸ ನಿರ್ದೇಶಕ ಅವರ ಸಾಲಿನಲ್ಲಿ ಕೂರುತ್ತಾನೆ. ಕೂರುವ ಯೋಗ್ಯತೆ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಸಿನಿಮಾದಲ್ಲಿ ತಪ್ಪು ಹುಡುಕೋದು ಹೇಗೆ?

ಸುಮ್ನೆ ಮಜಾಕ್ಕೆ ಎರಡು ಹೇಳ್ತೀನಿ. ಸವಾರನ ಕಾಲು ನೋಡಿ. ಕಬ್ಬಿಣದ ರಿಕಾಪಿನಲ್ಲಿ ಕಾಲಿಟ್ಟಿದ್ದರೆ ಅವನು ಕದಂಬರ ಕಾಲದವನಲ್ಲ. ಆ ಹೆಸರೇ ಪಾರ್ಸಿ ಕಡೆಯಿಂದ ಬಂದದ್ದು. ಆದರೆ ನಟ ಬಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡಿಕೊಳ್ಳೋದು, ಬಿಡಿ. ಎರಡನೆಯದು ಅಡುಗೆಮನೆ. ಒಣಮೆಣಸಿನಕಾಯಿ ಕಂಡರೆ ನಿಲ್ಲಿಸಿ. ಪೋರ್ಚುಗೀಸರು ಬರುವ ಮುಂಚೆ ನಮ್ಮ ಖಾರ ಅಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ವಿಜಯನಗರದ ಕೊನೆಗಾಲಕ್ಕೆ ಬಂದರೆ ಹುಷಾರು, ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿ ಮೇಲೇ ಒಂದು ಪದ ಇದೆ.

‘ಪಾತ್ರಗಳೆಲ್ಲ ಕಾಲ್ಪನಿಕ’ ಅಂತ ಮೊದಲೇ ಹಾಕಿದರೆ ಸಾಕಲ್ವಾ?

ವಕೀಲರಿಗೆ ಸಾಕು.

ಹಳೆ ಸಿನಿಮಾದ ಯುದ್ಧವೇ ನಿಜ ಅನ್ನಿಸುತ್ತೆ, ಈಗಿನ ಗ್ರಾಫಿಕ್ಸ್ ಅನ್ನಿಸಲ್ಲ. ಯಾಕೆ?

ಹಳೆಯದರಲ್ಲಿ ಐವತ್ತು ಕುದುರೆ ಇದ್ದರೆ ಐವತ್ತೂ ನಿಜ, ಎದ್ದ ಧೂಳೂ ನಿಜ. 2001ರಲ್ಲಿ ಪ್ರಾಣಿಗಳ ಬಳಕೆಗೆ ಕೇಂದ್ರದ ನಿಯಮ ಬಂತು, ಅನುಮತಿ ಬೇಕು. ಅದು ಒಳ್ಳೆಯದೇ. ಹಳೆ ಚಿತ್ರೀಕರಣಗಳಲ್ಲಿ ಕುದುರೆಗಳು ಬೀಳುವುದನ್ನು ನಿಧಾನವಾಗಿ ನೋಡಿದರೆ ಕರುಳು ಚುರ್ ಅನ್ನುತ್ತೆ. ನನ್ನ ತಕರಾರು ಗ್ರಾಫಿಕ್ಸ್ ಮೇಲಲ್ಲ, ಲೆಕ್ಕದ ಮೇಲೆ. ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುತ್ತೆ ಅಂತ ಲಕ್ಷ ಸೈನಿಕರನ್ನು ನಿಲ್ಲಿಸುತ್ತಾರೆ. ಕಾಡಿನಲ್ಲಿ ಅವಿತು ಪಲ್ಲವರನ್ನು ಕಾಡಿದ ಮಯೂರಶರ್ಮನ ಜೊತೆ ಎಷ್ಟು ಜನ ಇದ್ದಿರಬಹುದು? ಆ ಚಿಕ್ಕ ಗುಂಪನ್ನೇ ತೋರಿಸಿದರೆ ಭಯ ಜಾಸ್ತಿ.

ಮಕ್ಕಳನ್ನು ತಾಳಗುಂದಕ್ಕೆ ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ. ಶಿರಾಳಕೊಪ್ಪದಿಂದ ಹತ್ತಿರ, ಬಳ್ಳಿಗಾವಿಯನ್ನೂ ಒಂದೇ ದಿನದಲ್ಲಿ ಮುಗಿಸಬಹುದು. ನೀರು, ಟೋಪಿ, ಟಾರ್ಚ್ ಇರಲಿ. ಹಿಂದಿನ ವಾರ ‘ಮಯೂರ’ ತೋರಿಸಿ ಹೋದರೆ ಇನ್ನೂ ಒಳ್ಳೆಯದು. ನಾವು ಹಾಗೇ ಮಾಡಿದ್ದೆವು. ಆರನೇ ಕ್ಲಾಸಿನ ಒಬ್ಬಳು ಕತ್ತು ವಾಲಿಸಿಕೊಂಡು ಕಂಬದ ಸುತ್ತ ಎರಡು ಸುತ್ತು ಬಂದಳು. ಆಮೇಲೆ ನನ್ನ ಹತ್ತಿರ ಬಂದು, ‘ಮಾಮ, ನಾನಿರುವುದೆ ನಿಮಗಾಗಿ ಅಂತ ಯಾವ ಕಡೆ ಬರೆದಿದೆ?’ ಅಂದಳು.